‘ರೊಕ್ಕಕ್ಕ ಬಿದ್ದಾನ’ ಅಂತಾರಲ್ರಿ? ಅಪಘಾತ ಪರಿಹಾರದ ಕೇಸುಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ ಕೋರ್ಟಿನಲ್ಲಿ ಎಂವಿಸಿ, ಅಂದರೆ ಮೋಟಾರು ವಾಹನ ಅಪಘಾತದ ಪರಿಹಾರ ಕೇಳುವ ಕೇಸುಗಳೇ ನನ್ನ ದಿನನಿತ್ಯದ ಕೆಲಸ. ಮೊದಲ ಆರು ವರ್ಷ ವಿಮಾ ಕಂಪನಿಗಳ ಪರ ನಿಲ್ಲುತ್ತಿದ್ದ ಹಿರಿಯ ವಕೀಲರ ಕೈಕೆಳಗೆ ದುಡಿದೆ. ಗಾಯಾಳುಗಳನ್ನು ಪಾಟೀಸವಾಲಿನಲ್ಲಿ ಅರಳೆಯಂತೆ ಹಿಂಜುವುದು ಆಗಿನ ಕೆಲಸ. ಆಮೇಲೆ ಗಾಯಾಳುಗಳ ಕಡೆಗೆ ಬಂದೆ. ಎರಡೂ ಕಡೆಯ ಉಪ್ಪು ಉಂಡವ ನಾನು.

ಕೆಳಗಿನ ಪ್ರಶ್ನೆಗಳನ್ನು ಕಕ್ಷಿದಾರರಿಗಿಂತ ಹೆಚ್ಚು ಕೇಳಿದವರು ಮದುವೆ ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತವರು, ಕೋರ್ಟಿನ ಹೊರಗೆ ಚಹಾ ಕುಡಿಯುವವರು, ನಮ್ಮ ಓಣಿಯ ಮಂದಿ. ಅವರ ಮಾತಿನಲ್ಲೇ ಬರೆದಿದ್ದೇನೆ. ನನ್ನ ಹೆಸರು, ನಂಬರು ಎಲ್ಲೂ ಹಾಕಿಲ್ಲ. ವಕೀಲರು ಜಾಹೀರಾತು ಮಾಡಿಕೊಂಡು ಕೇಸು ಹಿಡಿಯುವಂತಿಲ್ಲ ಎನ್ನುವುದು ವಕೀಲರ ಪರಿಷತ್ತಿನ ನಿಯಮ.

ಈ ಪರಿಹಾರದ ಕೇಸಿನ್ಯಾಗ ಅರ್ಧಕ್ಕರ್ಧ ಸುಳ್ಳೇ ಇರ್ತಾವಂತಲ್ರಿ, ಖರೇನ?

ಸುಳ್ಳು ಕೇಸು ಇವೆ. ಇಲ್ಲವೇ ಇಲ್ಲ ಎಂದು ಯಾವ ವಕೀಲ ಹೇಳಿದರೂ ನಂಬಬೇಡಿ. ಉತ್ತರ ಪ್ರದೇಶದಲ್ಲಿ ಇವು ಎಷ್ಟು ಬೆಳೆದವೆಂದರೆ, ಅಲಹಾಬಾದ್ ಹೈಕೋರ್ಟ್ 2015ರಲ್ಲಿ ವಿಶೇಷ ತನಿಖಾ ತಂಡವನ್ನೇ ರಚಿಸಲು ಹೇಳಬೇಕಾಯಿತು. 2021ರಲ್ಲಿ ಸುಪ್ರೀಂ ಕೋರ್ಟ್ ಇದೇ ವಿಷಯದಲ್ಲಿ ಅಲ್ಲಿನ ವಕೀಲರ ಪರಿಷತ್ತನ್ನು ತರಾಟೆಗೆ ತೆಗೆದುಕೊಂಡಿತು. ಸುಳ್ಳು ಕ್ಲೇಮುಗಳಲ್ಲಿ ವಕೀಲರದೇ ಕೈವಾಡ ಇತ್ತು ಎಂಬ ಕಾರಣಕ್ಕೆ. ನಮ್ಮ ಕಡೆಯೂ ಗಾಡಿ ಬದಲಿಸಿದ್ದು, ಡ್ರೈವರನನ್ನು ಬದಲಿಸಿದ್ದು ಪಾಟೀಸವಾಲಿನಲ್ಲಿ ಹೊರಬಿದ್ದದ್ದನ್ನು ನಾನೇ ನೋಡಿದ್ದೇನೆ.

ಆದರೆ ‘ಅರ್ಧಕ್ಕರ್ಧ’ ಎನ್ನುವ ಲೆಕ್ಕ ಚಹಾದಂಗಡಿಯದು. ಮೈಮೇಲೆ ಗಾಯವೇ ಇಲ್ಲದೆ ಪಟ್ಟಿ ಸುತ್ತಿಕೊಂಡು ಬಂದವನನ್ನು ಇಷ್ಟು ವರ್ಷಗಳಲ್ಲಿ ಒಂದೇ ಸಲ ಕಂಡಿದ್ದೇನೆ. ನಾನು ಕಂಡ ಉಳಿದ ಸುಳ್ಳೆಲ್ಲ ಖರೇ ಗಾಯದ ಮೇಲೆ ಕಟ್ಟಿದ್ದು. ಕಾಲು ಖರೇನೇ ಮುರಿದಿರುತ್ತದೆ, ಗುದ್ದಿತೆಂದು ತೋರಿಸಿದ ಗಾಡಿ ಮಾತ್ರ ಬೇರೆ. ಇಲ್ಲವೇ ಗಾಡಿಯೂ ಖರೇ, ಪಗಾರ ಮಾತ್ರ ದುಪ್ಪಟ್ಟು.

ಗಾಯ ಖರೇ, ಗಾಡಿ ಸುಳ್ಳು ಅಂದ್ರ ಏನ್ರಿ? ಯಾಕ ಹಂಗ ಮಾಡ್ತಾರ?

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸುಳ್ಳು ಕೇಸಿನ ಬೇರು ಇರುವುದೇ ಇಲ್ಲಿ.

ನಮ್ಮ ಗಾಡಿಗೆ ಕಡ್ಡಾಯವಾಗಿ ಮಾಡಿಸುವ ಥರ್ಡ್ ಪಾರ್ಟಿ ವಿಮೆ ನಮಗಾಗಿ ಅಲ್ಲ, ನಮ್ಮ ಗಾಡಿಯಿಂದ ಪೆಟ್ಟು ತಿನ್ನುವ ಬೇರೆಯವರಿಗಾಗಿ. ರಾತ್ರಿ ನವಲಗುಂದದ ಕಡೆಯಿಂದ ಬರುವಾಗ ನಾಯಿ ಅಡ್ಡ ಬಂತು, ಬೈಕ್ ಸ್ಕಿಡ್ ಆಯಿತು, ತೊಡೆಯೆಲುಬು ಮುರಿಯಿತು ಅನ್ನಿ. ಗುದ್ದಿದವರು ಯಾರೂ ಇಲ್ಲ, ಹೀಗಾಗಿ ಕೇಳಲಿಕ್ಕೆ ಯಾವ ಕಂಪನಿಯೂ ಇಲ್ಲ. ಮಾಲೀಕನೇ ಚಾಲಕನಾಗಿದ್ದರೆ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಇರುತ್ತದೆ ನಿಜ. ಆದರೆ ಅದು ಸಾವಿಗೆ ಮತ್ತು ಕೈಕಾಲು, ಕಣ್ಣು ಹೋಗುವಂಥ ಶಾಶ್ವತ ಊನಕ್ಕೆ. ರಾಡ್ ಹಾಕಿ ಆರು ತಿಂಗಳಿಗೆ ಕೂಡಿಕೊಳ್ಳುವ ಎಲುಬಿಗೆ ಅದು ಬರುವುದಿಲ್ಲ.

ಆಸ್ಪತ್ರೆಯ ಬಿಲ್ಲು ಮಾತ್ರ ಎಲ್ಲ ಎಲುಬಿಗೂ ಒಂದೇ. ಆಗ ವಾರ್ಡಿನ ಹೊರಗೆ ಒಬ್ಬ ಕಾಕಾ ಪ್ರತ್ಯಕ್ಷ ಆಗುತ್ತಾನೆ. ‘ನಿಮ್ಮ ಸಡ್ಡಕನ ಗಾಡಿಗೆ ಇನ್ಸೂರೆನ್ಸ್ ಐತಿಲ್ಲೊ?’ ಅಂತ ಕೇಳುತ್ತಾನೆ. ವಾರದ ಮೇಲೆ ದೂರು ದಾಖಲಾಗುತ್ತದೆ. ಹಿಂದಿನಿಂದ ಬಂದ ಬೈಕಿನವ ಅತಿವೇಗ ಮತ್ತು ನಿರ್ಲಕ್ಷ್ಯದಿಂದ ಗುದ್ದಿದ ಎಂದು. ಗುದ್ದಿದವ ಸಡ್ಡಕ. ಅವನೂ ಕೋರ್ಟಿಗೆ ಬಂದು ತಪ್ಪೊಪ್ಪಿಕೊಂಡು ದಂಡ ಕಟ್ಟಿ ಹೋಗುತ್ತಾನೆ.

ನಾನು ಜೂನಿಯರ್ ಇದ್ದಾಗ ಇಂಥ ಒಂದು ಕೇಸಿನಲ್ಲಿ ಆಸ್ಪತ್ರೆಯ ರೆಕಾರ್ಡ್ ಕೀಪರನಿಗೆ ಸಮನ್ಸ್ ಕಳಿಸಿ ಎಂಎಲ್‌ಸಿ ರಜಿಸ್ಟರ್, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಗಾಯಗಳನ್ನು ಬರೆದಿಡುವ ಪುಸ್ತಕ ತರಿಸಿದೆವು. ಉದ್ದನೆಯ, ಬಟ್ಟೆ ರಟ್ಟಿನ ಪುಸ್ತಕ. ಅಂಚಿಗೆ ಟಿಂಚರಿನ ಕಂದು ಕಲೆ. ಗಾಯಾಳುವನ್ನು ಕರೆತಂದ ರಾತ್ರಿ 11 ಗಂಟೆ 40 ನಿಮಿಷಕ್ಕೆ ಡ್ಯೂಟಿ ಡಾಕ್ಟರು ಬರೆದುಕೊಂಡ ಸಾಲು: ‘ಸೆಲ್ಫ್ ಫಾಲ್ ಫ್ರಮ್ ಬೈಕ್, ಡಾಗ್’. ಅಷ್ಟೇ. ನನ್ನ ಸೀನಿಯರು ಆ ಸಾಲಿನ ಮೇಲೆ ಬೆರಳಿಟ್ಟು, ‘ಈ ನಾಯಿ ಯಾರದಪಾ?’ ಎಂದರು. ಕೋರ್ಟ್ ಹಾಲ್ ನಕ್ಕಿತು, ನಾನೂ ನಕ್ಕೆ. ಹಿಂದಿನ ಬೆಂಚಿನಲ್ಲಿ ಅವನ ಹೆಂಡತಿ ಆಸ್ಪತ್ರೆಯ ಬಿಲ್ಲುಗಳ ಪ್ಲಾಸ್ಟಿಕ್ ಚೀಲ ಮಡಚಿ ತೊಡೆ ಮೇಲೆ ಇಟ್ಟುಕೊಂಡು ಕೂತಿದ್ದಳು. ಆ ಬಿಲ್ಲುಗಳಲ್ಲಿ ಒಂದೂ ಸುಳ್ಳಿರಲಿಲ್ಲ.

ಕೇಸು ವಜಾ ಆಯಿತು, ಆಗಬೇಕಾದದ್ದೇ. ಆ ಕಾಕಾ ಮಾತ್ರ ಆಮೇಲೂ ಬಹಳ ವರ್ಷ ಅದೇ ವಾರ್ಡಿನ ಹೊರಗೆ ಕಾಣುತ್ತಿದ್ದ.

ದೂರು ಕೊಡೂದು ನಾಲ್ಕು ದಿನ ತಡಾ ಆದ್ರ ಸುಳ್ಳ ಕೇಸ್ ಅಂತ ತಿಳೀಬೇಕೇನು?

ಇಲ್ಲ. ಮಗ ಐಸಿಯುದಲ್ಲಿ ಇರುವಾಗ ಯಾವ ತಂದೆಯೂ ಮೊದಲು ಠಾಣೆಗೆ ಓಡುವುದಿಲ್ಲ. ಸುಪ್ರೀಂ ಕೋರ್ಟ್ 2011ರಲ್ಲಿ ರವಿ ಮತ್ತು ಬದ್ರಿನಾರಾಯಣ ಪ್ರಕರಣದಲ್ಲಿ ಇದನ್ನೇ ಹೇಳಿದೆ: ಎಫ್ಐಆರ್ ತಡವಾಯಿತು ಎಂಬ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸಬಾರದು, ತಡಕ್ಕೆ ಕಾರಣ ಏನು ಎಂದು ನೋಡಬೇಕು.

ಇದರಲ್ಲಿ ನಾನು ಕಂಡ ಒಂದು ತಮಾಷೆ ಹೇಳುತ್ತೇನೆ. ಖರೇ ಪೆಟ್ಟು ತಿಂದವನ ಕಾಗದಪತ್ರ ಹರಕು ಮುರುಕು ಇರುತ್ತದೆ. ಔಷಧ ಅಂಗಡಿಯ ಚೀಟಿ ಹೋಗಿರುತ್ತದೆ, ಹಳ್ಳಿಯಲ್ಲಿ ಎಲುಬು ಕಟ್ಟಿಸಿಕೊಂಡು ಬಂದಿರುತ್ತಾನೆ, ಗುದ್ದಿದ ಗಾಡಿಯ ನಂಬರಿನಲ್ಲಿ ಒಂದು ಅಂಕಿ ತಪ್ಪಿರುತ್ತದೆ. ಹೊಂದಿಸಿ ತಂದ ಕೇಸಿನ ಫೈಲು ಇಸ್ತ್ರಿ ಹೊಡೆದಂತೆ ಇರುತ್ತದೆ. ಸಾಕ್ಷಿಗಳು ಗಡಿಯಾರ ನೋಡಿಕೊಂಡೇ ಅಪಘಾತ ಕಂಡವರಂತೆ ವೇಳೆ ಹೇಳುತ್ತಾರೆ. ಮಂದಿಯ ಸಂಶಯ ಮಾತ್ರ ಹರಕು ಫೈಲಿನ ಮೇಲೇ.

ಡ್ರೈವರ್ ಬಡವ ಅದಾನ್ರಿ. ಅವನ ಮ್ಯಾಲ ಕೇಸ್ ಹಾಕಿ ಅವನ ಮನಿ ಮುರೀಬೇಕಾ?

ನಮ್ಮ ಭಾಗದಲ್ಲಿ ಒಳ್ಳೆಯ ಮಂದಿ ಕೇಸು ಬಿಡುವುದು ಇದೇ ಮಾತಿಗೆ. ವಿಮೆ ಚಾಲ್ತಿ ಇದ್ದರೆ ರೊಕ್ಕ ಕೊಡುವುದು ಡ್ರೈವರ್ ಅಲ್ಲ, ಕಂಪನಿ. ಅದಕ್ಕಾಗಿಯೇ ಪ್ರತಿ ಗಾಡಿಯವನೂ ವರ್ಷ ವರ್ಷ ಪ್ರೀಮಿಯಂ ಕಟ್ಟಿರುತ್ತಾನೆ. 2022ರ ದರದಲ್ಲಿ 75ರಿಂದ 150 ಸಿಸಿವರೆಗಿನ ಬೈಕಿಗೆ ವರ್ಷಕ್ಕೆ 714 ರೂಪಾಯಿ. ನೀವು ಕೇಸು ಹಾಕದೆ ಬಿಟ್ಟರೆ ಉಳಿಯುವುದು ಡ್ರೈವರನ ಮನೆಯಲ್ಲ, ಕಂಪನಿಯ ಗಲ್ಲೆ.

ಅರ್ಜಿಯಲ್ಲಿ ಡ್ರೈವರ್, ಮಾಲೀಕರ ಹೆಸರು ಇರುತ್ತದೆ, ಅವರಿಗೆ ನೋಟಿಸೂ ಹೋಗುತ್ತದೆ. ಅದನ್ನು ನೋಡಿ ‘ನಮ್ಮ ಮಂದಿ ಆಗಿ ನಮ್ಮ ಮ್ಯಾಲೇ ಕೇಸ್ ಹಾಕ್ಯಾರ’ ಎಂದು ಮಾತು ಬಿಟ್ಟ ಬೀಗರಿದ್ದಾರೆ. ನೋಟಿಸು ಹೋಗುವ ಮೊದಲೇ ಒಂದು ಫೋನ್ ಮಾಡಿ ತಿಳಿಸಿದರೆ ಅರ್ಧ ಜಗಳ ತಪ್ಪುತ್ತದೆ.

ಮಾಲೀಕನಿಗೆ ಪೆಟ್ಟು ಬೀಳುವುದು ಹೆಚ್ಚಾಗಿ ಎರಡು ಸಂದರ್ಭಗಳಲ್ಲಿ. ವಿಮೆಯೇ ಇಲ್ಲದಿದ್ದರೆ ಪೂರ್ತಿ ಅವನೇ ಕೊಡಬೇಕು. ವಿಮೆ ಇದ್ದು ಲೈಸೆನ್ಸ್ ಇಲ್ಲದವನ ಕೈಗೆ ಗಾಡಿ ಕೊಟ್ಟಿದ್ದರೆ, ಮೊದಲು ಕಂಪನಿ ಗಾಯಾಳುವಿಗೆ ಕೊಟ್ಟು ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂದು ಕೋರ್ಟುಗಳು ಸಾಮಾನ್ಯವಾಗಿ ಆದೇಶಿಸುತ್ತವೆ. ಎಸ್ಸೆಸ್ಸೆಲ್ಸಿ ಮುಗಿಸಿದ ಮಗನಿಗೆ ಬುಲೆಟ್ ಕೊಡಿಸಿದ ಅಪ್ಪಂದಿರು ಈ ಸಾಲನ್ನು ಎರಡು ಸಲ ಓದಲಿ.

ನಮ್ಮೂರಾಗ ಒಬ್ಬಾಕಿಗೆ ಮೂವತ್ತು ಲಕ್ಷ ಬಂತಂತ! ಲಾಟರಿ ಹೊಡದಂಗ ಅಲ್ಲೇನ್ರಿ?

ಲೆಕ್ಕ ಹಾಕೋಣ. ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳ ಮೇಲೆ ಇಡೀ ಲೆಕ್ಕ ನಿಂತಿದೆ: 2009ರ ಸರಳಾ ವರ್ಮಾ, 2017ರ ಪ್ರಣಯ್ ಸೇಠಿ.

ತೀರಿಕೊಂಡವನ ವಯಸ್ಸು 32, ತಿಂಗಳ ಗಳಿಕೆ 15,000 ಎಂದು ಇಟ್ಟುಕೊಳ್ಳಿ. ಮನೆಯಲ್ಲಿ ಹೆಂಡತಿ, ಎರಡು ಮಕ್ಕಳು, ತಾಯಿ. ಸ್ವಂತ ದುಡಿಮೆಯವ, 40 ದಾಟಿಲ್ಲ, ಹೀಗಾಗಿ ಮುಂದೆ ಗಳಿಕೆ ಏರುತ್ತಿತ್ತು ಎಂದು ಶೇ. 40 ಸೇರಿಸುತ್ತಾರೆ: 21,000. ಅವನ ಸ್ವಂತ ಖರ್ಚಿಗೆಂದು ಕಾಲು ಭಾಗ ಕಳೆದರೆ 15,750. ವರ್ಷಕ್ಕೆ 1,89,000. ಇದನ್ನು ಎಷ್ಟರಿಂದ ಗುಣಿಸಬೇಕು ಎಂಬ ಸಂಖ್ಯೆಗೆ ಗುಣಕ ಎನ್ನುತ್ತಾರೆ, ಅವನ ವಯಸ್ಸಿಗೆ ಅದು 16. ಒಟ್ಟು 30,24,000. ಇದರ ಮೇಲೆ ಅಂತ್ಯಕ್ರಿಯೆ, ದಾಂಪತ್ಯ ನಷ್ಟ ಅಂತ ಸಣ್ಣ ಮೊತ್ತಗಳು ಸೇರುತ್ತವೆ.

ಊರಿಗೆ ಗೊತ್ತಾಗುವುದು ಕೊನೆಯ ಅಂಕಿ ಮಾತ್ರ. ಆ ಅಂಕಿ ಅಂದರೆ ಅವನು ಬದುಕಿದ್ದರೆ ಹದಿನಾರು ವರ್ಷ ಮನೆಗೆ ತರುತ್ತಿದ್ದ ಜೋಳ, ಎಣ್ಣೆ, ಶಾಲೆಯ ಫೀ. ಅದೂ ಒಮ್ಮೆಗೇ ಕೈಗೆ ಬರುವುದಿಲ್ಲ. ಮಕ್ಕಳ ಪಾಲು 18 ತುಂಬುವವರೆಗೆ ಬ್ಯಾಂಕಿನಲ್ಲಿ ಠೇವಣಿ, ಹೆಂಡತಿಯ ಪಾಲಿನಲ್ಲೂ ಒಂದು ಭಾಗ ಠೇವಣಿ. ಕೈಗೆ ಬಂದ ದಿನ ಮೈದುನ, ಅಣ್ಣ, ಹಳೇ ಸಾಲಗಾರರು ಎಲ್ಲರೂ ಬಾಗಿಲಲ್ಲಿ ಇರುತ್ತಾರೆ. ಠೇವಣಿ ಇಡುವ ಆದೇಶವನ್ನು ಬೈಯುವ ಹೆಣ್ಣುಮಕ್ಕಳು ವರ್ಷ ಕಳೆದ ಮೇಲೆ ಬಂದು, ‘ಚಲೋ ಆತ್ರಿ ಅದು, ಇಲ್ಲಂದ್ರ ಒಂದ ಪೈಸಾ ಉಳೀತಿದ್ದಿಲ್ಲ’ ಎಂದದ್ದು ಎಷ್ಟು ಸಲವೋ.

ಅವ ನಡಕೋತ ಬರ್ತಾನ, ಚಹಾ ಕುಡೀತಾನ. ಅವಗೇನಾಗೇತಿ ಅಂತ ಲಕ್ಷಗಟ್ಟಲೆ ಕೇಳ್ತಾನ?

ಅಮರಗೋಳದ ಎಪಿಎಂಸಿಯಲ್ಲಿ ಹಮಾಲಿ ಮಾಡುತ್ತಿದ್ದ ಒಬ್ಬ ಕಕ್ಷಿದಾರನಿದ್ದ. ಟಂಟಂ ಮಗುಚಿ ಬಲ ಭುಜ ಮುರಿಯಿತು. ಎಲುಬು ಕೂಡಿತು. ನಡೆಯುತ್ತಾನೆ, ಊಟ ಮಾಡುತ್ತಾನೆ, ಸೈಕಲ್ ಹೊಡೆಯುತ್ತಾನೆ. ಕೈ ಮಾತ್ರ ಕಿವಿಯ ಮಟ್ಟದಿಂದ ಮೇಲೆ ಏರದು. ನಿಮಗೂ ನನಗೂ ಅದರಿಂದ ಆಗುವ ತ್ರಾಸೆಂದರೆ ಅಟ್ಟದ ಮೇಲಿನ ಡಬ್ಬಿ ಇಳಿಸಲಾಗದು. ಹಮಾಲನಿಗೆ ಬೆನ್ನ ಮೇಲೆ ಹೇರಿದ ಚೀಲವನ್ನು ಆ ಕೈಯಿಂದಲೇ ಹಿಂದಕ್ಕೆ ಚಾಚಿ ಹಿಡಿಯಬೇಕು. ಅದು ಆಗದಿದ್ದರೆ ಅವನು ಹಮಾಲನೇ ಅಲ್ಲ. ಆಮೇಲೆ ಅಂಗಳ ಕಸ ಹೊಡೆಯುವ ಕೆಲಸಕ್ಕೆ ನಿಂತ.

ಡಾಕ್ಟರು ಆ ಕೈಗೆ ಶೇ. 36 ಊನ ಎಂದು ಬರೆದರು ಅನ್ನಿ. ನಮ್ಮ ಕೋರ್ಟುಗಳ ರೂಢಿಯಂತೆ ಅದರ ಮೂರರಲ್ಲಿ ಒಂದು ಪಾಲು ಇಡೀ ದೇಹದ ಊನ: ಶೇ. 12. ವಯಸ್ಸು 35, ಗಳಿಕೆ 15,000, ಗುಣಕ 16 ಹಿಡಿದರೆ ಗಳಿಕೆಯ ನಷ್ಟ 3,45,600. ಆದರೆ ರಾಜಕುಮಾರ್ ಮತ್ತು ಅಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ: ಡಾಕ್ಟರ ಶೇಕಡಾವಾರು ಒಂದು, ದುಡಿಮೆಗೆ ಆದ ನಷ್ಟದ ಶೇಕಡಾವಾರು ಇನ್ನೊಂದು; ಅವನ ಕಸುಬು ಏನು, ಆ ಕಸುಬಿಗೆ ಆ ಅಂಗ ಎಷ್ಟು ಬೇಕು ಎಂದು ನೋಡಬೇಕು. ಹಮಾಲನ ದುಡಿಮೆಗೆ ಆದ ನಷ್ಟ ಶೇ. 30 ಎಂದರೆ ಅದೇ ಲೆಕ್ಕ 8,64,000 ಆಗುತ್ತದೆ. ಎರಡು ಅಂಕಿಗಳ ನಡುವಿನ ಐದು ಲಕ್ಷಕ್ಕೂ ಮಿಕ್ಕ ರೊಕ್ಕಕ್ಕಾಗಿಯೇ ಎಲ್ಲ ವಾದ.

ಎದುರು ವಕೀಲರು ತಪ್ಪದೆ ಕೇಳುವ ಪ್ರಶ್ನೆ ಒಂದಿದೆ: ‘ಇವತ್ತ ಕೋರ್ಟಿಗೆ ಹ್ಯಾಂಗ ಬಂದ್ರಿ?’ ಬಸ್ಸಿನ್ಯಾಗ ಬಂದೆ ಎಂದರೆ, ‘ಅಂದ್ರ ಬಸ್ ಹತ್ತಲಿಕ್ಕೆ ಬರತೈತಿ, ಹೌದಲ್ಲೊ?’ ಅದನ್ನು ಬರೆಸಿಕೊಳ್ಳುತ್ತಾರೆ. ಆರು ವರ್ಷ ನಾನೂ ಕೇಳಿದ ಪ್ರಶ್ನೆ ಅದು. ಹಮಾಲ ಸೈಕಲ್ ಮೇಲೆ ಬಂದಿದ್ದ, ಹಾಗಂತ ಹೇಳಿಯೂ ಬಿಟ್ಟ.

ಹೆಲ್ಮೆಟ್ ಇಲ್ಲ, ಮೂರು ಮಂದಿ ಕುಂತಿದ್ರು. ತಪ್ಪು ತಮ್ಮದ ಇಟ್ಕೊಂಡು ಪರಿಹಾರ ಹ್ಯಾಂಗ ಕೇಳ್ತಾರ?

ತಪ್ಪು ಬೇರೆ, ಅಪಘಾತಕ್ಕೆ ಕಾರಣವಾದ ತಪ್ಪು ಬೇರೆ. ಮೂವರು ಕೂತದ್ದಕ್ಕೆ ಪೊಲೀಸರು ದಂಡ ಹಾಕಲಿ. ಆದರೆ ಹಿಂದಿನಿಂದ ಕಾರು ಬಂದು ಗುದ್ದಿದ್ದರೆ, ಬೈಕಿನ ಮೇಲೆ ಇಬ್ಬರಿದ್ದರೂ ಗುದ್ದುತ್ತಿತ್ತು. ಮೂವರು ಕೂತಿದ್ದರು ಎಂಬ ಮಾತ್ರಕ್ಕೆ ಅವರ ಪಾಲಿನ ನಿರ್ಲಕ್ಷ್ಯ ಎಂದು ಪರಿಹಾರ ಕಡಿಯುವಂತಿಲ್ಲ, ಅಪಘಾತಕ್ಕೂ ಅದಕ್ಕೂ ಸಂಬಂಧ ತೋರಿಸಬೇಕು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಸಂಬಂಧ ಇದ್ದರೆ ತಪ್ಪಿನ ಪಾಲು ಹಂಚಿ ಅಷ್ಟು ಶೇಕಡಾ ಕಳೆಯುತ್ತಾರೆ.

ಹೆದ್ದಾರಿಯಲ್ಲಿ ನಿಂತ ಲಾರಿಗೆ ಹಿಂದಿನಿಂದ ಗುದ್ದುವ ಅಪಘಾತಗಳಲ್ಲಿ ಈ ಪಾಲು ಹಂಚಿಕೆ ಹೆಚ್ಚು. 2024ರ ಜೂನ್‌ನಲ್ಲಿ ಬ್ಯಾಡಗಿ ತಾಲೂಕಿನ ಗುಂಡೇನಹಳ್ಳಿ ಹತ್ತಿರ ನಿಂತಿದ್ದ ಲಾರಿಗೆ ಟೆಂಪೊ ಟ್ರಾವೆಲರ್ ಗುದ್ದಿ 13 ಮಂದಿ ತೀರಿಕೊಂಡರು. ಅಂಥ ಸುದ್ದಿ ಬಂದಾಗಲೆಲ್ಲ ‘ಹಿಂದಿನಿಂದ ಗುದ್ದಿದವಂದೇ ತಪ್ಪು’ ಎಂದು ನಾವು ಅಲ್ಲೇ ತೀರ್ಪು ಕೊಟ್ಟುಬಿಡುತ್ತೇವೆ. ಈ ಕೇಸುಗಳನ್ನು ಕೇಳುವ ಟ್ರಿಬ್ಯೂನಲ್ ಮಾತ್ರ ಪಂಚನಾಮೆ ತೆಗೆದು ನೋಡುತ್ತದೆ: ಲಾರಿ ಎಲ್ಲಿ ನಿಂತಿತ್ತು, ಹಿಂದಿನ ದೀಪ ಇತ್ತೇ, ರಸ್ತೆಯ ಎಷ್ಟು ಭಾಗ ಒತ್ತಿತ್ತು. ಮತ್ತೆ, ಹಿಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತಿದ್ದ ಪ್ರಯಾಣಿಕನದು ಯಾವ ತಪ್ಪು? ಎರಡೂ ಗಾಡಿಗಳ ಪೈಕಿ ಯಾರ ಮೇಲಾದರೂ ಅವನು ಪೂರ್ತಿ ಪರಿಹಾರ ಕೇಳಬಹುದು.

ಯಾರ ತಪ್ಪು ಎಂಬ ತಂಟೆಯೇ ಬೇಡ ಎನ್ನುವವರಿಗೆ ಮೋಟಾರು ವಾಹನ ಕಾಯ್ದೆಯ 164ನೇ ಕಲಂ ಇದೆ: ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ. ಇದನ್ನು ಒಪ್ಪಿಕೊಂಡರೆ, ಎದುರಿನವರ ತಪ್ಪು ತೋರಿಸಿ ಕೇಳುವ 166ನೇ ಕಲಂನ ದೊಡ್ಡ ಮೊತ್ತದ ದಾರಿ ಮುಚ್ಚುತ್ತದೆ, ಯೋಚಿಸಿ ಆರಿಸಿ.

ಅಮೆರಿಕಾದಾಗ ಕಾಫಿ ಚೆಲ್ಲಿಕೊಂಡಾಕಿ ಕೋಟಿಗಟ್ಟಲೆ ಹೊಡದ್ಲಂತ. ನಮ್ಮಲ್ಲೂ ಹಂಗ ಆಗಾಕತ್ತೈತಿ ಅಲ್ಲ?

ವಾಟ್ಸ್ಆ್ಯಪಿನಲ್ಲಿ ಇದು ಇನ್ನೂ ತಿರುಗುತ್ತಿದೆ. ನಡೆದದ್ದು ಇಷ್ಟು. 1992ರಲ್ಲಿ ನ್ಯೂ ಮೆಕ್ಸಿಕೊ ರಾಜ್ಯದ ಅಲ್ಬುಕರ್ಕಿಯಲ್ಲಿ, 79 ವರ್ಷದ ಅಜ್ಜಿಯೊಬ್ಬರು ಮೆಕ್‌ಡೊನಾಲ್ಡ್ಸ್‌ನಿಂದ ಕಾಫಿ ತೆಗೆದುಕೊಂಡು, ನಿಂತ ಕಾರಿನಲ್ಲಿ ಕೂತು, ಲೋಟ ಮೊಣಕಾಲ ನಡುವೆ ಹಿಡಿದು ಮುಚ್ಚಳ ತೆಗೆಯುವಾಗ ಅದು ಚೆಲ್ಲಿತು. ಕಾರು ಓಡಿಸುತ್ತಿದ್ದವರು ಅವರಲ್ಲ, ಕಾರು ಓಡುತ್ತಲೂ ಇರಲಿಲ್ಲ. ಕಂಪನಿ ಕಾಫಿಯನ್ನು 82ರಿಂದ 88 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಿಸುತ್ತಿತ್ತು. ತೊಡೆ, ತೊಡೆಸಂದು ಚರ್ಮದ ಆಳದವರೆಗೆ ಸುಟ್ಟು, ಎಂಟು ದಿನ ಆಸ್ಪತ್ರೆಯಲ್ಲಿದ್ದು ಚರ್ಮ ಕಸಿ ಮಾಡಿಸಿಕೊಂಡರು.

ಅವರು ಮೊದಲು ಕೇಳಿದ್ದು 20,000 ಡಾಲರ್. ಕಂಪನಿ ಕೊಡುತ್ತೇನೆಂದದ್ದು 800. ವಿಚಾರಣೆಯಲ್ಲಿ ಹೊರಬಂದದ್ದೇನೆಂದರೆ, ಅದಕ್ಕೂ ಹಿಂದಿನ ಹತ್ತು ವರ್ಷಗಳಲ್ಲಿ ಇದೇ ಕಾಫಿಯಿಂದ ಸುಟ್ಟುಕೊಂಡ 700ಕ್ಕೂ ಹೆಚ್ಚು ದೂರುಗಳು ಕಂಪನಿಯ ಬಳಿ ಇದ್ದವು. 1994ರಲ್ಲಿ ಜ್ಯೂರಿ ಅಜ್ಜಿಯದೂ ಶೇ. 20 ತಪ್ಪಿದೆ ಎಂದು ಅಷ್ಟು ಕಳೆದು, ಕಂಪನಿಗೆ 27 ಲಕ್ಷ ಡಾಲರ್ ದಂಡರೂಪದ ಪರಿಹಾರವನ್ನೂ ವಿಧಿಸಿತು. ಪತ್ರಿಕೆಗಳ ತಲೆಬರಹ ಅಲ್ಲಿಗೆ ನಿಂತಿತು. ನ್ಯಾಯಾಧೀಶರು ಆ ದಂಡವನ್ನು 4,80,000ಕ್ಕೆ ಇಳಿಸಿ ಒಟ್ಟು 6,40,000 ಮಾಡಿದ್ದು, ಆಮೇಲೆ ಎರಡೂ ಕಡೆಯವರು ಗುಟ್ಟಾಗಿ ರಾಜಿಯಾದದ್ದು ನಿಮ್ಮ ಫಾರ್ವರ್ಡಿನಲ್ಲಿ ಇರುವುದಿಲ್ಲ. ವ್ಯಾನನ್ನು ಕ್ರೂಸ್ ಕಂಟ್ರೋಲಿಗೆ ಹಾಕಿ ಹಿಂದೆ ಹೋಗಿ ಕಾಫಿ ಮಾಡಿಕೊಂಡವನಿಗೆ ಹೊಸ ವ್ಯಾನ್ ಸಿಕ್ಕಿತು ಎಂಬ ಇನ್ನೊಂದು ಕತೆಯಂತೂ ಪೂರಾ ಕಟ್ಟುಕತೆ, ಅಂಥ ಕೇಸೇ ಇಲ್ಲ.

ನಮ್ಮ ಎಂವಿಸಿ ಕೇಸಿನಲ್ಲಿ ಜ್ಯೂರಿ ಇಲ್ಲ, ಕಂಪನಿಗೆ ಬುದ್ಧಿ ಕಲಿಸಲು ಕೋಟಿ ವಿಧಿಸುವ ರೂಢಿಯೂ ಇಲ್ಲ. ವಯಸ್ಸು, ಗಳಿಕೆ, ಗುಣಕ, ಮೇಲೆ ನೋಡಿದಿರಲ್ಲ, ಅದೇ ಮಗ್ಗಿ.

ಬಂದದ್ರಾಗ ಅರ್ಧ ವಕೀಲರಿಗೇ ಹೋಗತೈತಂತ?

ಗೆದ್ದರೆ ಇಷ್ಟು ಪಾಲು ಎಂದು ವಕೀಲ ಕರಾರು ಮಾಡಿಕೊಳ್ಳುವುದು ನಮ್ಮ ದೇಶದಲ್ಲಿ ನಿಷಿದ್ಧ. ಆದರೂ ನಡೆಯುತ್ತದೆಯೇ? ನಡೆಯುತ್ತದೆ. ‘ಮೊದಲ ಏನೂ ಕೊಡಬ್ಯಾಡ್ರಿ, ಬಂದ ಮ್ಯಾಲ ನೋಡೋಣ’ ಎಂಬ ಮಾತು ಬಡವನಿಗೆ ಹಿತವಾಗಿಯೇ ಕೇಳುತ್ತದೆ, ಕೈಯಲ್ಲಿ ರೊಕ್ಕ ಇಲ್ಲದವನಿಗೆ ಅದೊಂದೇ ದಾರಿ ಅನ್ನಿಸುವುದೂ ಹೌದು. ಫೀ ಎಷ್ಟು ಎಂದು ಮೊದಲ ದಿನವೇ ಬರೆಸಿಕೊಳ್ಳಿ. ಖಾಲಿ ಚೆಕ್ಕಿಗೆ, ಖಾಲಿ ಬಾಂಡಿಗೆ ಸಹಿ ಮಾಡಬೇಡಿ. ಪಾಸ್‌ಬುಕ್ ನಿಮ್ಮ ಹತ್ತಿರವೇ ಇರಲಿ. ಫೀ ಕೊಡಲಾಗದ ಹೆಣ್ಣುಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕಡಿಮೆ ಆದಾಯದವರು ಧಾರವಾಡ, ಗದಗ, ಹಾವೇರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ವಕೀಲರನ್ನು ಕೇಳಬಹುದು.

ಎಲ್ಲಿ ಹಾಕಬೇಕು, ಎಷ್ಟ ದಿನದಾಗ?

ಅಪಘಾತ ಆದ ಊರಲ್ಲಿ, ಇಲ್ಲವೇ ನೀವು ಇರುವ ಊರಲ್ಲಿ. ಗದುಗಿನವರಿಗೆ ಪುಣೆಯಲ್ಲಿ ಪೆಟ್ಟಾದರೆ ಗದುಗಿನಲ್ಲೇ ಹಾಕಬಹುದು. 2022ರ ಏಪ್ರಿಲ್ 1ರಿಂದ ಆರು ತಿಂಗಳ ಮಿತಿ ಬಂದಿದೆ. ಅದನ್ನು ಪ್ರಶ್ನಿಸಿದ ಅರ್ಜಿಗಳ ವಿಚಾರಣೆಯಲ್ಲಿ ಸುಪ್ರೀಂ ಕೋರ್ಟ್, ಅವಧಿ ಮೀರಿದೆ ಎಂದು ಅರ್ಜಿಗಳನ್ನು ವಜಾ ಮಾಡಬೇಡಿ ಎಂದು 2025ರ ನವೆಂಬರ್‌ನಲ್ಲಿ ಮಧ್ಯಂತರ ಆದೇಶ ಕೊಟ್ಟಿತು. ಅದನ್ನು ನಂಬಿಕೊಂಡು ಕೂಡಬೇಡಿ, ಆರು ತಿಂಗಳೊಳಗೇ ಹಾಕಿ.

‘ವರ್ಷದ ಕಾರ್ಯ ಆಗಲಿ, ಆಮ್ಯಾಲ ನೋಡಿದರಾತು’ ಎನ್ನುವ ಮನೆಗಳನ್ನು ಈ ಮಿತಿ ಚೆನ್ನಾಗಿ ಹೊಡೆದಿದೆ. ಹೆಣದ ಮೇಲೆ ರೊಕ್ಕ ಕೇಳಿದರು ಅನ್ನಿಸಿಕೊಳ್ಳಬಾರದು ಎಂದು ಕಾಯುತ್ತಾರೆ.

ಲೋಕ ಅದಾಲತ್‌ನ್ಯಾಗ ರಾಜಿ ಆದ್ರ ಸೋತಂಗ ಅಲ್ಲೇನು?

‘ಗೆದ್ದವ ಸೋತ, ಸೋತವ ಸತ್ತ’ ಅಂತ ನಮ್ಮಲ್ಲೇ ಗಾದೆ ಇದೆಯಲ್ಲ. ಟ್ರಿಬ್ಯೂನಲ್ ಕೊಟ್ಟ ಮೊತ್ತದ ಮೇಲೆ ಕಂಪನಿ 90 ದಿನದೊಳಗೆ ಧಾರವಾಡದ ಹೈಕೋರ್ಟ್ ಪೀಠಕ್ಕೆ ಅಪೀಲು ಹೋಗಬಹುದು. ಅದಾಲತ್‌ನಲ್ಲಿ ಆದ ರಾಜಿಗೆ ಅಪೀಲಿಲ್ಲ. ಸ್ವಲ್ಪ ಕಡಿಮೆ ಬಂದರೂ ಬೇಗ ಬರುತ್ತದೆ. ಆದರೆ ಗಾಯ ಮಾಯುವ ಮೊದಲೇ ರಾಜಿಗೆ ಕೂಡಬೇಡಿ. ಒಳಗಿನ ರಾಡ್ ತೆಗೆಸುವ ಖರ್ಚು ಲೆಕ್ಕಕ್ಕೆ ಬರದೇ ಹೋಗುತ್ತದೆ.

ಗುದ್ದಿ ಓಡಿ ಹೋದ್ರ?

ಗಾಡಿ ಪತ್ತೆಯಾಗದಿದ್ದರೆ ಸರಕಾರದ ಯೋಜನೆಯಲ್ಲಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000. 2022ಕ್ಕೆ ಮೊದಲು ಇದು 25,000 ಮತ್ತು 12,500 ಇತ್ತು. ಸಾವಿನ ಮೊತ್ತವನ್ನೂ ಮೂವತ್ತು ಲಕ್ಷದ ಲೆಕ್ಕವನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ, ಸಡ್ಡಕನ ಗಾಡಿ ಯಾಕೆ ಬರುತ್ತದೆ ಎಂಬುದಕ್ಕೆ ಇನ್ನೊಂದು ಕಾರಣ ಸಿಗುತ್ತದೆ.

ಬಿದ್ದವರನ್ನ ದವಾಖಾನಿಗೆ ಒಯ್ದರ ನಮ್ಮನ್ನ ಕೇಸಿನ್ಯಾಗ ಸಿಗಸ್ತಾರೇನು?

ಇಲ್ಲ. ಕಾಯ್ದೆಯ 134ಎ ಕಲಂ ನಿಮ್ಮನ್ನು ಕಾಯುತ್ತದೆ. ಹೆಸರು ಹೇಳಬೇಕೆಂಬ ಕಡ್ಡಾಯವೂ ಇಲ್ಲ. 2025ರ ಮೇ ತಿಂಗಳಿನಿಂದ ರಸ್ತೆ ಅಪಘಾತದ ಗಾಯಾಳುವಿಗೆ ಮೊದಲ ಏಳು ದಿನ, 1.5 ಲಕ್ಷದವರೆಗೆ ನಗದುರಹಿತ ಚಿಕಿತ್ಸೆಯ ಕೇಂದ್ರ ಯೋಜನೆಯೂ ಇದೆ. ಆಸ್ಪತ್ರೆಯಲ್ಲಿ ಅದನ್ನು ಕೇಳಿ. ಒಂದು ವಿನಂತಿ: ಕರೆದೊಯ್ದವರು ಡಾಕ್ಟರಿಗೆ ನಡೆದದ್ದನ್ನು ನಡೆದ ಹಾಗೇ ಹೇಳಿ. ಗಾಬರಿಯಲ್ಲಿ ‘ಗಾಡಿಯಿಂದ ಬಿದ್ದಾನ್ರಿ’ ಎಂದು ನೀವು ಅರ್ಧ ಹೇಳಿದ ಸಾಲನ್ನು ಎರಡು ವರ್ಷದ ಮೇಲೆ ಯಾರೋ ಒಬ್ಬ ಜೂನಿಯರ್ ವಕೀಲ ಬೆರಳಿಟ್ಟು ಓದುತ್ತಾನೆ.

ರಸ್ತೆ ತೆಗ್ಗಿನ್ಯಾಗ ಬಿದ್ರ?

ಬೇರೆ ಗಾಡಿಯ ಸಂಬಂಧ ಇಲ್ಲದಿದ್ದರೆ ಎಂವಿಸಿ ಟ್ರಿಬ್ಯೂನಲ್ ಅದನ್ನು ನೋಡುವುದಿಲ್ಲ. ರಸ್ತೆಯನ್ನು ಸರಿಯಾಗಿ ಕಟ್ಟದ, ನೋಡಿಕೊಳ್ಳದ ಗುತ್ತಿಗೆದಾರ ಅಥವಾ ಇಲಾಖೆಗೆ 198ಎ ಕಲಂನಲ್ಲಿ 1 ಲಕ್ಷದವರೆಗೆ ದಂಡ ಇದೆ. ಆ ದಂಡ ಬಿದ್ದವನ ಕೈಗೆ ಬರುವುದಿಲ್ಲ, ನಿಧಿಗೆ ಹೋಗುತ್ತದೆ. ಬಿದ್ದವ ಸಿವಿಲ್ ದಾವೆ ಹೂಡಬೇಕು, ಇಲ್ಲವೇ ಹೈಕೋರ್ಟಿಗೆ ಹೋಗಬೇಕು. ನಮ್ಮ ಊರಿನ ತೆಗ್ಗುಗಳ ಲೆಕ್ಕ ಹಿಡಿದರೆ ಕೇಸು ಹಾಕುವವರು ಬಹಳ ಕಡಿಮೆ ಎಂದೇ ನನ್ನ ಅಭಿಪ್ರಾಯ.

ಸುಳ್ಳು ಕೇಸ್ ಸಿಕ್ಕಿಬಿದ್ರ ಜೈಲಾಗತೈತೇನು?

ಆಗಬಹುದು. ಕೋರ್ಟಿನಲ್ಲಿ ಸುಳ್ಳು ಸಾಕ್ಷ್ಯ ಹೇಳಿದರೆ ಭಾರತೀಯ ನ್ಯಾಯ ಸಂಹಿತೆಯ 229ನೇ ಕಲಂನಲ್ಲಿ ಏಳು ವರ್ಷದವರೆಗೆ, ಮೋಸದಿಂದ ಸುಳ್ಳು ಹಕ್ಕು ಹೂಡಿದರೆ 246ರಲ್ಲಿ ಎರಡು ವರ್ಷದವರೆಗೆ ಶಿಕ್ಷೆ ಇದೆ. ಆದರೆ ನಾನು ಕಂಡಂತೆ ಅರ್ಜಿ ವಜಾ ಆಗುತ್ತದೆ, ಅಲ್ಲಿಗೆ ಫೈಲು ಮುಚ್ಚುತ್ತದೆ. ಮುಂದೆ ಯಾವಾಗಲಾದರೂ ಶಿಕ್ಷೆ ಶುರುವಾದರೆ ವಾರ್ಡಿನ ಹೊರಗಿನ ಕಾಕಾನಿಂದ ಶುರುವಾಗಲಿ, ಪ್ಲಾಸ್ಟಿಕ್ ಚೀಲದ ಹೆಣ್ಣುಮಗಳಿಂದ ಬೇಡ.

ಇಷ್ಟೆಲ್ಲಾ ಹೇಳ್ತೀರಿ, ನಿಮಗ ಪೆಟ್ಟಾದ್ರ ನೀವು ಕೇಸ್ ಹಾಕ್ತಿದ್ರೇನು?

2023ರ ಶ್ರಾವಣದಲ್ಲಿ ಆಯಿತು. ಕೇಶ್ವಾಪುರದಲ್ಲಿ ಕಾಯಿಪಲ್ಲೆ ತೆಗೆದುಕೊಂಡು ಸ್ಕೂಟರ್ ತಿರುಗಿಸುವಾಗ ಎದುರು ದಿಕ್ಕಿನಿಂದ ಬಂದ ಕಾರು ಗುದ್ದಿತು. ಎಡಗಡೆ ಕೊರಳೆಲುಬು ಮುರಿಯಿತು, ಪ್ಲೇಟ್ ಹಾಕಿದರು. ಕಾರಿನವರು ಆಸ್ಪತ್ರೆಗೆ ಹಣ್ಣು ತಂದು ಕೈ ಮುಗಿದರು.

ಮೊದಲ ತಿಂಗಳು ನೋವು ಎಂದೆ. ಎರಡನೇ ತಿಂಗಳು ಕೆಲಸ ಎಂದೆ. ನಾಲ್ಕನೇ ತಿಂಗಳಿಗೆ ನನಗೇ ತಿಳಿಯಿತು: ವಕೀಲರಿಗೆ ರೊಕ್ಕ ಮಾಡೂ ದಾರಿ ಗೊತ್ತದ ಅಂತ ಓಣಿಯಲ್ಲಿ ಅಂದಾರು ಎಂಬ ಅಂಜಿಕೆ. ನಮ್ಮವ್ವ, ‘ದೇವರು ಉಳಿಸ್ಯಾನ, ಅಷ್ಟ ಸಾಕು, ಮಂದಿ ಬಾಯಿಗೆ ಬೀಳಬ್ಯಾಡ’ ಎಂದಳು. ಆರು ತಿಂಗಳು ತುಂಬಲು ಒಂಬತ್ತು ದಿನ ಇರುವಾಗ ನನ್ನ ಕ್ಲಾರ್ಕ್ ಅರ್ಜಿ ಟೈಪ್ ಮಾಡಿ, ಏನೂ ಮಾತಾಡದೆ, ಸಹಿಗೆ ಮುಂದಿಟ್ಟ.

ವಿಚಾರಣೆಯ ದಿನ ಕಟಕಟೆಯಲ್ಲಿ ನಿಂತೆ. ಕೋಟಿನ ಎಡತೋಳಿಗೆ ಕೈ ತೂರಿಸಲು ಇಂದಿಗೂ ಇನ್ನೊಬ್ಬರು ಬೇಕು, ಅವತ್ತೂ ಕ್ಲಾರ್ಕನೇ ಹಾಕಿಸಿ ಕಳಿಸಿದ್ದ. ಕಂಪನಿಯ ಪರ ನಿಂತವಳು ಮೂವತ್ತರೊಳಗಿನ ಹುಡುಗಿ, ಒಳ್ಳೆಯ ತಯಾರಿ. ಫೈಲಿನಿಂದ ತಲೆ ಎತ್ತಿ ಕೇಳಿದಳು: ‘ಸರ್, ಇವತ್ತ ಕೋರ್ಟಿಗೆ ಹ್ಯಾಂಗ ಬಂದ್ರಿ?’

ಸ್ಕೂಟರ್ ಮ್ಯಾಲ ಎಂದೆ. ಬರೆದುಕೊಂಡಳು.